ಟಾರ್ಚ್ ಹಿಡಿದವಳು

ಕುಮುದಾ ತನ್ನ ಅಭಿಪ್ರಾಯ ಹೇಳದೆ ಒಂಬತ್ತು ವರ್ಷವಾಗಿತ್ತು. ಹಾಗೆಂದು ಆಕೆ ಮಾತೇ ಆಡುತ್ತಿರಲಿಲ್ಲವೆಂದಲ್ಲ. ತರಕಾರಿಯವನೊಡನೆ ತೆಲುಗಿನಲ್ಲಿ, ಆಟೋದವನೊಡನೆ ಹಿಂದಿಯಲ್ಲಿ, ಸೀಟಿ ಹಾಕದ ಕುಕ್ಕರಿನೊಡನೆ ಕನ್ನಡದಲ್ಲಿ ದಿನವೂ ಬೇಕಾದಷ್ಟು ಮಾತಾಡುತ್ತಿದ್ದಳು. ಮನೆಯ ವಿಷಯ ಬಂದಾಗ ಮಾತ್ರ 'ನನಗೆ ಹೀಗನ್ನಿಸುತ್ತದೆ' ಎನ್ನುವ ಹಾಗಿರಲಿಲ್ಲ. ಆಕೆ ಆ ಮನೆಯ ಸಭಾಧ್ಯಕ್ಷೆ.

ಮನೆಗೆ ಸಭಾಧ್ಯಕ್ಷೆ ಯಾಕೆ ಬೇಕಾಯಿತು ಎನ್ನುವುದಕ್ಕೆ ಆಕೆಯ ಮಾವ ಸೂಗಪ್ಪನವರ ಕಥೆ ಹೇಳಬೇಕು. ರಾಯಚೂರಿನ ಕಡೆಯಿಂದ ಹೈದರಾಬಾದಿಗೆ ಬಂದ ಸೂಗಪ್ಪನವರು ವಿಧಾನಸಭೆಯ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರಾಗಿ ನಿವೃತ್ತರಾದವರು. ಅಬಿಡ್ಸ್‌ನ ಹಿಂದಿನ ಗಲ್ಲಿಯಲ್ಲಿ ಮೂರು ಗಂಡುಮಕ್ಕಳಿಗೆ ಮೂರು ಅಂತಸ್ತಿನ ಮನೆ ಕಟ್ಟಿಸಿದರು. ಅಂತಸ್ತು ಮೂರಾದರೂ ನೀರಿನ ಮೋಟರು ಒಂದೇ. ಅದನ್ನು ಯಾರು ಯಾವಾಗ ಹಾಕಬೇಕೆಂಬ ಜಗಳದಲ್ಲಿ ದೊಡ್ಡ ಮಗ, ಕುಮುದಾಳ ಗಂಡ ಉಪೇಂದ್ರನೂ ನಡುವಿನವ ಭೀಮಾಶಂಕರನೂ ಒಂದು ಇಡೀ ಬೇಸಿಗೆ ಮಾತು ಬಿಟ್ಟರು.

ಸದನದಲ್ಲಿ ಒಬ್ಬರ ಮೇಲೊಬ್ಬರು ಕಾಗದ ಹರಿದೆಸೆದವರು ಮಧ್ಯಾಹ್ನ ಲಾಬಿಯಲ್ಲಿ ಕೂತು ಒಂದೇ ತಟ್ಟೆಯ ಉಸ್ಮಾನಿಯಾ ಬಿಸ್ಕತ್ತು ಮುರಿದು ತಿನ್ನುವುದನ್ನು ಸೂಗಪ್ಪನವರು ನೌಕರಿಯುದ್ದಕ್ಕೂ ನೋಡಿದ್ದರು. ತಮ್ಮ ಮನೆಯಲ್ಲಿ ಕೊರತೆಯಿರುವುದು ಪ್ರೀತಿಯದ್ದಲ್ಲ, ನಿಯಮಾವಳಿಯದ್ದು ಎಂದು ಅವರಿಗೆ ಹೊಳೆಯಿತು. ಮರುತಿಂಗಳಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಮೇಲಿನ ಹಾಲಿನಲ್ಲಿ ಮನೆಸಭೆ ಶುರುವಾಯಿತು.

ಅಲ್ಲಿಯ ಏರ್ಪಾಟೆಲ್ಲ ಅಸಲಿ ಸದನದ್ದೇ. ಎರಡು ಮಣೆ ಜೋಡಿಸಿ ಅದರ ಮೇಲೆ ಬೆತ್ತದ ಕುರ್ಚಿ: ಅದು ಸಭಾಧ್ಯಕ್ಷರ ಪೀಠ. ಅದರ ಬಲಕ್ಕೆ ಆಡಳಿತ ಪಕ್ಷ, ಎಡಕ್ಕೆ ವಿರೋಧ ಪಕ್ಷ. ಯಾರು ಯಾವ ಪಕ್ಷವೆನ್ನುವುದು ಆಯಾ ತಿಂಗಳ ಸಿಟ್ಟಿನ ಮೇಲೆ ನಿರ್ಧಾರವಾಗುತ್ತಿತ್ತು. ಮೊದಲು ಪ್ರಶ್ನೋತ್ತರ, ಮೋಟರು ರಾತ್ರಿಯೆಲ್ಲ ಓಡಿದ್ದು ಯಾಕೆಂದು ಆಗಲೇ ಕೇಳಬೇಕು. ಆಮೇಲೆ ಶೂನ್ಯವೇಳೆ, ಅದರಲ್ಲಿ ಮುಂಚೆ ತಿಳಿಸದೆಯೂ ಗೋಳು ಹೇಳಿಕೊಳ್ಳಬಹುದು. ಆಮೇಲೆ ಮಸೂದೆ, ಚರ್ಚೆ, ಕೈ ಎತ್ತುವುದು. ಆಡಬಾರದ ಮಾತು ಆಡಿದರೆ ಅದನ್ನು ಕಡತದಿಂದ ತೆಗೆಯಲಾಗುತ್ತಿತ್ತು. ಉಪೇಂದ್ರನ ಗೊರಕೆಯ ಬಗ್ಗೆ ಭೀಮಾಶಂಕರನ ಹೆಂಡತಿ ವಿಜಯಶ್ರೀ ಆಡಿದ ಮಾತೆಲ್ಲ ಹಾಗೆ ತೆಗೆದವೇ. ಮಕ್ಕಳಿಗೆ ಮೆಟ್ಟಿಲೇ ಗ್ಯಾಲರಿ. ಸದನದಲ್ಲಿ ಮೈಕು ಸಿಕ್ಕವರಿಗೆ ಮಾತ್ರ ಮಾತಾಡಲು ಬರುತ್ತದಲ್ಲ, ಇಲ್ಲಿ ಅದಕ್ಕೊಂದು ಟಾರ್ಚ್ ಇತ್ತು. ಸಭಾಧ್ಯಕ್ಷರು ಯಾರ ಮುಖಕ್ಕೆ ಟಾರ್ಚ್ ಬಿಡುತ್ತಾರೋ ಅವರು ಮಾತಾಡಬೇಕು. ಆರಿಸಿದರೆ ಬಾಯಿ ಮುಚ್ಚಬೇಕು.

ಸೂಗಪ್ಪನವರ ಹೆಂಡತಿ ಹಂಪಮ್ಮ ಸದಸ್ಯೆಯಲ್ಲ, ರಾಜ್ಯಪಾಲೆ. ಯುಗಾದಿಯ ದಿನ ಉಪೇಂದ್ರ ಬರೆದುಕೊಟ್ಟದ್ದನ್ನು ಕನ್ನಡಕ ಹಾಕಿಕೊಂಡು ಓದುತ್ತಿದ್ದಳು: 'ನನ್ನ ಸರ್ಕಾರವು ಈ ವರ್ಷ ನೀರಿನ ಟ್ಯಾಂಕನ್ನು ಎರಡು ಸಲ ತೊಳೆಸಲಿದೆ.' ಓದಿ ಮುಗಿಸಿ, ಇದು ತಾನು ಅಂದಿದ್ದಲ್ಲ, ಉಪ್ಪಿ ಬರೆದದ್ದು ಎಂದು ಎಲ್ಲರಿಗೂ ಕೇಳುವ ಹಾಗೆ ಸೇರಿಸುತ್ತಿದ್ದಳು.

ವಿಚಿತ್ರವೆಂದರೆ ಈ ಏರ್ಪಾಟಿನಿಂದ ಜಗಳ ನಿಂತಿತು. ಅಂದರೆ ತಿಂಗಳಿಗೊಂದೇ ಆಯಿತು. ಅದಕ್ಕೇ ಸೂಗಪ್ಪನವರು ತೀರಿಕೊಂಡ ಮೇಲೂ ಯಾರಿಗೂ ಸಭೆ ಬಿಡುವ ಧೈರ್ಯವಾಗಲಿಲ್ಲ. ಹದಿಮೂರನೆಯ ದಿನದ ಪಾತ್ರೆ ಇನ್ನೂ ತೊಳೆದಿರಲಿಲ್ಲ, ಆಗಲೇ ಹೊಸ ಸಭಾಧ್ಯಕ್ಷರು ಯಾರೆಂಬ ಮಾತು ಬಂತು. ಕುಮುದಾ ಆಗ ಸಭೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತಾಡುವವಳು. ಹಿಂದಿನ ತಿಂಗಳಷ್ಟೇ, ಹಬ್ಬದ ಅಡುಗೆ ಮೂರು ಮನೆಯವರೂ ಸರದಿಯ ಮೇಲೆ ಮಾಡಬೇಕೆಂದು ಮಸೂದೆ ತಂದು, ಇನ್ನೇನು ಗೆಲ್ಲುವವಳಿದ್ದಳು. ವಿಜಯಶ್ರೀ ಎದ್ದು ನಿಂತು, ಅಕ್ಕಾರಷ್ಟು ನ್ಯಾಯವಂತರು ಈ ಮನೆಯಲ್ಲಿ ಇನ್ನೊಬ್ಬರಿಲ್ಲ, ಅವರೇ ಕೂಡಬೇಕು ಎಂದಳು. ಎಲ್ಲರೂ ಮೇಜು ಕುಟ್ಟಿದರು. ಸದನದ ನಾಯಕ ಒಂದು ಕಡೆ, ವಿರೋಧ ಪಕ್ಷದ ನಾಯಕ ಒಂದು ಕಡೆ ಕೈ ಹಿಡಿದು ಹೊಸ ಸಭಾಧ್ಯಕ್ಷರನ್ನು ಪೀಠದವರೆಗೆ ಕರೆದೊಯ್ಯುವ ಪದ್ಧತಿಯಿದೆ. ಬಲಗೈ ಗಂಡನದು, ಎಡಗೈ ವಿಜಯಶ್ರೀಯದು. ಕುಮುದಾ ಹೊಸ ಮದುಮಗಳ ಹಾಗೆ ನಾಚಿಕೊಂಡು ನಡೆದು ಕುರ್ಚಿಯ ಮೇಲೆ ಕೂತಳು.

ಕೂತ ಮೇಲೆ ಆಕೆಗೆ ಗೊತ್ತಾದದ್ದು ಎರಡು ಸಂಗತಿ. ಸಭಾಧ್ಯಕ್ಷರು ಯಾವ ಚರ್ಚೆಯಲ್ಲೂ ಸೇರುವಂತಿಲ್ಲ. ಎರಡೂ ಕಡೆ ಸಮಸಮ ಬಂದಾಗ ಮಾತ್ರ ಒಂದು ಮತ ಹಾಕಬಹುದು. ಹಬ್ಬದ ಅಡುಗೆಯ ಮಸೂದೆ ಮಂಡಿಸುವವರಿಲ್ಲದೆ ಬಿದ್ದುಹೋಯಿತು. ಹಬ್ಬದ ಅಡುಗೆಯನ್ನು ಅವಳೇ ಮಾಡುತ್ತ ಬಂದಳು.

ಒಮ್ಮೆ ರಾಜೀನಾಮೆಯನ್ನೂ ಕೊಟ್ಟು ನೋಡಿದ್ದಳು. ಅಕ್ಕಾರಿಗೆ ಸಿಟ್ಟು ಬಂದಿದೆ ಎಂದು ಮನೆಯೆಲ್ಲ ಕಳವಳಪಟ್ಟಿತು. ಕುಂಕುಮದ ಬಟ್ಟಲು ಹಿಡಿದು ಬಂದು ಸಮಾಧಾನ ಮಾಡಿ, ಮತ್ತೆ ಕೂಡಿಸಿ, ಆ ಸಂತೋಷಕ್ಕೆ ಹೋಳಿಗೆ ಊಟವಾಯಿತು. ಹೋಳಿಗೆ ಮಾಡಿದವಳು ಕುಮುದಾ.

ಹೀಗೇ ನಡೆಯುತ್ತಿತ್ತು, ಮತ್ತೂ ನಡೆಯುತ್ತಿತ್ತು. ಆದರೆ ಈ ವರ್ಷ ಬೇಸಿಗೆಯ ಶುರುವಿನಲ್ಲಿ ಕುಮುದಾ ಲಿಂಗಂಪಲ್ಲಿಗೆ ಹೋದಳು. ಅಲ್ಲಿ ಅವಳ ತಮ್ಮನ ಮನೆಯಲ್ಲಿ ಅವ್ವ ಇರುತ್ತಿದ್ದಳು. ಹೇಳದೆ ಹೋಗಿದ್ದಳು, ಲೋಕಲ್ ಟ್ರೇನ್ ಇಳಿದು ಸ್ಟೇಷನ್ನಿನ ಹೊರಗೆ ಬಂದರೆ, ಆಟೋಗಳು ನಿಲ್ಲುವ ಕಡೆಯ ಸಿಮೆಂಟಿನ ಬೆಂಚಿನ ಮೇಲೆ ಅವ್ವ ಸೆರಗು ಹೊದ್ದು ಕೂತಿದ್ದಳು. ಕುಮುದಾ ಗಾಬರಿಯಿಂದ, ಎಲ್ಲಿಗೆ ಹೊರಟಿದ್ದೀ ಎಂದು ಕೇಳಿದಳು. ಎಲ್ಲಿಗೂ ಇಲ್ಲ, ಗಾಳಿಗೆ ಬಂದೆ ಎಂದಳು ಅವ್ವ. ಏಪ್ರಿಲಿನ ಮಧ್ಯಾಹ್ನ, ಅಲ್ಲಿ ಗಾಳಿ ಇರಲಿಲ್ಲ.

ಸಂಗತಿ ಮೆಲ್ಲಗೆ ಹೊರಬಿತ್ತು. ತಮ್ಮನ ಮಗನಿಗೆ ಮದುವೆಯಾಗಿ, ಎರಡನೆಯ ಕೋಣೆ ಮಗ-ಸೊಸೆಗೆ ಹೋಗಿತ್ತು. ಅವ್ವ ಮಲಗುವ ದಿವಾನು ಹಾಲಿಗೆ ಬಂದಿತ್ತು. ಹೊಸ ಸೊಸೆಯ ಆಫೀಸು ಮನೆಯಲ್ಲೇ, ಅದೇ ಹಾಲಿನ ಊಟದ ಮೇಜಿನ ಮೇಲೆ. ಮಧ್ಯಾಹ್ನವೆಲ್ಲ ಕಂಪ್ಯೂಟರಿನಲ್ಲಿ ಮೀಟಿಂಗು. ಅವ್ವನಿಗೆ ಹಳೆಯ ಕೆಮ್ಮು. ಆ ಹುಡುಗಿ ಒಂದು ಕೆಟ್ಟ ಮಾತನ್ನೂ ಆಡಿರಲಿಲ್ಲ. ಕೆಮ್ಮು ಬಂದಾಗ ತಿರುಗಿ ನೋಡಿ ನಗುತ್ತಿದ್ದಳಂತೆ, ಅಷ್ಟೇ.

"ಛಲೋ ಹುಡುಗಿ ಐತಿ," ಎಂದಳು ಅವ್ವ. "ನಾ ಆರಾಮ ಅದೀನಿ."

ತಿರುಗಿ ಬರುವಾಗ ಕುಮುದಾ ರೈಲಿನಲ್ಲಿ ಕೆಳಗಿನ ಅಂತಸ್ತಿನ ಹಿಂದಿನ ಕೋಣೆಯ ಬಗ್ಗೆ ಯೋಚಿಸಿದಳು. ಸೂಗಪ್ಪನವರು ಕಡೆಯ ದಿನಗಳಲ್ಲಿ ಮಲಗುತ್ತಿದ್ದ ಕೋಣೆ. ಪಕ್ಕದಲ್ಲೇ ಬಚ್ಚಲು, ಮೆಟ್ಟಿಲು ಹತ್ತುವಂತಿಲ್ಲ, ಬಾಗಿಲು ಹಾಕಿಕೊಂಡರೆ ಎಷ್ಟು ಬೇಕಾದರೂ ಕೆಮ್ಮಬಹುದು. ಅದು ಖಾಲಿ ಬಿದ್ದಿತ್ತು. ಮನೆಯ ಹಿಸ್ಸೆಯಲ್ಲಿ ಅದು ಯಾರಿಗೂ ಸೇರದ ಕೋಣೆ, ಸಭೆಗೆ ಸೇರಿದ್ದು.

ಮನೆಗೆ ಬಂದರೆ ಮೇ ತಿಂಗಳ ಕಾರ್ಯಸೂಚಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ಭೀಮಾಶಂಕರ-ವಿಜಯಶ್ರೀಯರದು ಅಬಿಡ್ಸ್‌ನಲ್ಲಿ ಶಾಲಾ ಪುಸ್ತಕದ ಅಂಗಡಿ. ಅವರ ಗೋದಾಮನ್ನು ಮಾಲೀಕ ಬಿಡಿಸಿಕೊಂಡಿದ್ದ. ಜೂನಿನಲ್ಲಿ ಶಾಲೆ ತೆರೆಯುವ ಮುಂಚೆ ಬರುವ ಪುಸ್ತಕದ ಕಟ್ಟುಗಳನ್ನು ಇಡಲು ಹಿಂದಿನ ಕೋಣೆ ಬೇಕೆಂದು ಮಸೂದೆ. ಮಂಡಿಸುವವರು: ಸದನದ ನಾಯಕ ಉಪೇಂದ್ರ.

ಅಂದು ಸಂಜೆ ಉಪೇಂದ್ರ ಉಪ್ಪಲ್‌ನ ಬ್ಯಾಂಕಿನಿಂದ ಮೆಟ್ರೊ ಹಿಡಿದು ಬಂದು, ಚಹಾ ಕುಡಿಯುತ್ತ ಕೂತಾಗ ಕುಮುದಾ ಅವ್ವನ ವಿಷಯ ಹೇಳಿದಳು. ಉಪೇಂದ್ರ ಪೂರ್ತಿ ಕೇಳಿದ. ಮರುಗಿದ ಕೂಡ. ಆಮೇಲೆ ತಾನು ಭೀಮನಿಗೆ ಮಾತು ಕೊಟ್ಟಾಗಿದೆ ಎಂದ. ಅದೂ ಅಲ್ಲದೆ ಸದನದ ನಾಯಕನಾಗಿದ್ದುಕೊಂಡು ಹೆಂಡತಿಯ ಕಡೆಯವರಿಗೆ ಕೋಣೆ ಕೊಡಿಸಿದರೆ ನಾಳೆ ಜನ ಏನಂದಾರು ಎಂದ. ಜನವೆಂದರೆ ಇನ್ನು ನಾಲ್ಕು ಮಂದಿ. ಅದರಲ್ಲಿ ಇಬ್ಬರು ಮೂರನೆಯ ಅಂತಸ್ತಿನ ಕಿರಿಯ ತಮ್ಮ ಸೃಜನ್ ಮತ್ತು ಅವನ ಹೆಂಡತಿ ಕೃಪಾ. ಅವರು ಏನನ್ನೂ ಅನ್ನುವವರಲ್ಲ.

ಕುಮುದಾ ಲೆಕ್ಕ ಹಾಕಿದಳು. ಕೃಪಾ ಅವಳ ಪರವಾಗಿ ತಿದ್ದುಪಡಿ ತಂದರೂ ಕೃಪಾ, ಸೃಜನ್ ಇಬ್ಬರೇ; ಆ ಕಡೆ ಉಪೇಂದ್ರ, ಭೀಮಾಶಂಕರ, ವಿಜಯಶ್ರೀ ಮೂವರು. ಸಮಸಮ ಬರುವುದಿಲ್ಲ, ಸಭಾಧ್ಯಕ್ಷರ ಮತಕ್ಕೆ ಜಾಗವಿಲ್ಲ. ಅವ್ವನ ಕೋಣೆ ಅವಳ ಕಣ್ಣೆದುರಿಗೇ, ಅವಳೇ ಬಿಟ್ಟ ಟಾರ್ಚಿನ ಬೆಳಕಿನಲ್ಲಿ, ಪುಸ್ತಕದ ಪಾಲಾಗುತ್ತದೆ.

ಮರುದಿನ ಮೆಂತ್ಯೆಸೊಪ್ಪು ಬಿಡಿಸುತ್ತ ಕೂತಾಗ ಮಾವ ಎಂದೋ ಆಡಿದ ಮಾತೊಂದು ನೆನಪಾಯಿತು. ಅವರು ಚಹಾದ ಬಸಿ ಹಿಡಿದು, ಇದೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂದದ್ದು: "ಕುರ್ಚಿ ಮ್ಯಾಲ ಕುಂತಾವ್ರು ಬಾಯಿ ಬಿಡೂದು ಯಾವಾಗ, ಗೊತ್ತೇನವಾ? ಅವರನ್ನ ಇಳಸಾಕ ನಿಂತಾಗ. ಅವತ್ತ ಅವರೂ ಎಲ್ಲಾರಂಗ ಮಾತಾಡಬಹುದು, ಎಲ್ಲಾರಂಗ ಕೈ ಎತ್ತಬಹುದು. ಅದೊಂದ ದಿನ."

ಆಗ ಅವಳು ಹೂಂಗುಟ್ಟಿ ಒಗ್ಗರಣೆ ಹಾಕಿದ್ದಳು.

ಕೃಪಾಳನ್ನು ಕೆಳಗೆ ಕರೆದಳು. ಕೃಪಾ ಮೈಸೂರಿನವಳು, ಕೊನೆಯ ಸೊಸೆ. ಮದುವೆಯಾಗಿ ಬಂದ ಹೊಸದರಲ್ಲಿ ಈ ಸಭೆಯನ್ನು ನೋಡಿ ಎರಡು ದಿನ ನಕ್ಕು, ಮೂರನೆಯ ದಿನದಿಂದ ನಗುವುದನ್ನು ಬಿಟ್ಟವಳು. ತನ್ನ ಮೇಲೆ ಪದಚ್ಯುತಿ ನಿರ್ಣಯ ತರಬೇಕೆಂದು ಕುಮುದಾ ಹೇಳಿದಾಗ ಆಕೆ ಸೊಪ್ಪು ಕೆಳಗಿಟ್ಟಳು.

"ಅಕ್ಕಾ, ನಾನು ನಿಮ್ಮನ್ನ ತೆಗೀಬೇಕಾ? ಮನೇಲಿ ನನ್ನ ಬಗ್ಗೆ ಏನಂದ್ಕೋತಾರೆ?"

ಕೆಟ್ಟವಳು ಅಂದ್ಕೋತಾರೆ, ಹದಿನೈದು ದಿನ, ಎಂದಳು ಕುಮುದಾ. ತಾನು ಮಾತಾಡಿದ ಮೇಲೆ ನಿರ್ಣಯ ಬೀಳುತ್ತದೆ, ತಾನು ಮತ್ತೆ ಕುರ್ಚಿಗೆ ಹೋಗುವುದೇ. ನಡುವೆ ಅವ್ವನ ಮಾತು ಒಮ್ಮೆ ಎಲ್ಲರ ಕಿವಿಗೆ ಬಿದ್ದಿರುತ್ತದೆ. ಕೇಳಿದ ಮೇಲೆ ಯಾರ ಮನಸ್ಸಾದರೂ ಕರಗೀತು. ಯಾರದೆಂದು ಅವಳು ಹೇಳಲಿಲ್ಲ, ಕೃಪಾ ಕೇಳಲಿಲ್ಲ.

ಆದರೆ ನಿರ್ಣಯಕ್ಕೆ ನಿರ್ದಿಷ್ಟ ಆರೋಪ ಬೇಕಿತ್ತು. ಸುಮ್ಮನೆ ಇಳಿಸಿರಿ ಎಂದರೆ ನಡೆಯುವುದಿಲ್ಲ. ಕೃಪಾ ಫೋನು ತೆಗೆದು, ಬರೆದುಕೊಳ್ಳಲು ಸಿದ್ಧಳಾದಳು. ಕುಮುದಾ ಬಹಳ ಹೊತ್ತು ಯೋಚಿಸಿದಳು. ತನ್ನ ತಪ್ಪನ್ನು ತಾನೇ ಹುಡುಕುವುದು ಆಕೆಗೆ ಹೊಸದೇನಲ್ಲ, ರಾತ್ರಿ ನಿದ್ದೆ ಬರದಾಗ ಮಾಡುತ್ತಿದ್ದ ಕೆಲಸವೇ. ಅದನ್ನು ಇನ್ನೊಬ್ಬರು ಬರೆದುಕೊಳ್ಳುತ್ತಿರುವುದು ಮಾತ್ರ ಹೊಸದು.

"ಬರಿ. ಸಭಾಧ್ಯಕ್ಷರು ಯಾರ ಪರನೂ ಅಲ್ಲ."

"ಅದು ಆರೋಪ ಹೇಗಾಗುತ್ತೆ ಅಕ್ಕಾ? ಅದು ಒಳ್ಳೇದಲ್ವಾ?"

"ಬರಿ ನೀ. ಯಾರ ಪರನೂ ಅಲ್ಲ. ತಮ್ಮ ಪರನೂ ಅಲ್ಲ."

ನಿರ್ಣಯದ ನೋಟೀಸು ಫ್ರಿಜ್ಜಿನ ಮೇಲೆ ಬಿದ್ದ ದಿನದಿಂದ ಮನೆಯಲ್ಲಿ ಕುಮುದಾಳಿಗೆ ವಿಶೇಷ ಮರ್ಯಾದೆ ಶುರುವಾಯಿತು. ಭೀಮಾಶಂಕರ ಮಾವಿನಹಣ್ಣಿನ ಬುಟ್ಟಿ ತಂದಿಟ್ಟು, ವೈನೀ, ನಾವೆಲ್ಲ ನಿಮ್ಮ ಹಿಂದ ಅದೀವಿ ಎಂದ. ವಿಜಯಶ್ರೀ ಕೃಪಾಳ ಜೊತೆ ಮಾತು ಬಿಟ್ಟಳು. ಕುರ್ಚಿಯಲ್ಲಿ ಅಕ್ಕಾರು ಇರುವುದು ಈ ಮನೆಯ ಪುಣ್ಯವೆಂದು ಆಕೆ ಮೆಟ್ಟಿಲಲ್ಲಿ ನಿಂತು ಹೇಳಿದ್ದು ಮೂರು ಅಂತಸ್ತಿಗೂ ಕೇಳಿಸಿತು. ಮಾವಿನಹಣ್ಣು ತಿನ್ನುತ್ತ ಕುಮುದಾಳಿಗೆ, ಸತ್ತವರ ಬಗ್ಗೆ ಹೀಗೆ ಮಾತಾಡುತ್ತಾರಲ್ಲ ಎನ್ನಿಸಿತು. ಹಣ್ಣು ಮಾತ್ರ ಸಿಹಿಯಾಗಿತ್ತು.

ಸಭೆಯ ದಿನ ಹಾಲಿನಲ್ಲಿ ಕೂಲರು ಬುಸುಗುಡುತ್ತಿತ್ತು. ಸಭಾಧ್ಯಕ್ಷರ ಮೇಲಿನ ನಿರ್ಣಯವಾದ್ದರಿಂದ ಅವರೇ ಪೀಠದಲ್ಲಿ ಕೂಡುವಂತಿಲ್ಲ. ಉಪಾಧ್ಯಕ್ಷ ಸೃಜನ್ ಸಂಕೋಚದಿಂದ ಕುರ್ಚಿಯ ತುದಿಗೆ ಕೂತು ಟಾರ್ಚ್ ಕೈಗೆತ್ತಿಕೊಂಡ. ಕುಮುದಾ ಕೆಳಗೆ ಚಾಪೆಯ ಮೇಲೆ, ಎಡಪಕ್ಕಕ್ಕೆ ಕೂತಳು. ಅಲ್ಲಿಂದ ನೋಡಿದರೆ ಹಾಲು ಬೇರೆಯೇ ಥರ ಇತ್ತು. ಕುರ್ಚಿಯ ಮೇಲಿಂದ ತಲೆಗಳು ಕಾಣುತ್ತಿದ್ದವು. ಇಲ್ಲಿಂದ ಮುಖಗಳು ಕಂಡವು.

ಕೃಪಾ ನಿರ್ಣಯ ಓದಿದಳು. ಭೀಮಾಶಂಕರ ಅದನ್ನು ಖಂಡಿಸಿದ. ವಿಜಯಶ್ರೀ ಇನ್ನೂ ಹೆಚ್ಚು ಖಂಡಿಸಿದಳು. ಅಕ್ಕಾರು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೂಂ ಅಂದವರಲ್ಲ, ಊಹೂಂ ಅಂದವರಲ್ಲ, ಇಂಥವರು ಎಲ್ಲಿ ಸಿಗುತ್ತಾರೆ ಎಂದಳು. ಉಪೇಂದ್ರ, ಸಭಾಧ್ಯಕ್ಷರ ಘನತೆಯ ಬಗ್ಗೆ ನಾಲ್ಕು ಮಾತಾಡಿ ಕೂತ.

ಆಮೇಲೆ ಸೃಜನ್ ಟಾರ್ಚನ್ನು ಅತ್ತಿಗೆಯ ಕಡೆ ತಿರುಗಿಸಿದ. ಹಾಡಹಗಲಿನಲ್ಲಿ ಟಾರ್ಚಿನ ಬೆಳಕೆಂದರೆ ಏನೂ ಅಲ್ಲ. ಆದರೂ ಅದು ಕಣ್ಣಿಗೆ ಬಿದ್ದೊಡನೆ ಕುಮುದಾ ಕಣ್ಣು ಕಿರಿದು ಮಾಡಿದಳು. ಇಷ್ಟು ವರ್ಷ ಅದನ್ನು ಹಿಡಿದವಳಿಗೆ ಅದು ಮುಖದ ಮೇಲೆ ಬಿದ್ದರೆ ಹೇಗಿರುತ್ತದೆಂದು ತಿಳಿದಿರಲಿಲ್ಲ.

ಅವ್ವನ ವಿಷಯ ಹೇಳಬೇಕೆಂದೇ ಎದ್ದಳು. ಆದರೆ ಬಾಯಿ ತೆರೆದಾಗ ಮೊದಲು ಬಂದದ್ದು ಅದಲ್ಲ.

"ಮೆಟ್ಟಿಲ ಮ್ಯಾಲ ಪುಸ್ತಕದ ಕಟ್ಟು ಇಡೂದು ನನಗ ಸೇರಂಗಿಲ್ಲ," ಎಂದಳು. "ನಾಕು ವರ್ಷದಿಂದ ಸೇರಿಲ್ಲ."

ಅದರ ಹಿಂದೆಯೇ ಉಳಿದದ್ದೂ ಬಂತು, ಸರದಿಯಲ್ಲಿ ನಿಂತು ಬೇಸತ್ತವರು ಬಾಗಿಲು ತೆರೆದ ಕೂಡಲೇ ಬರುವ ಹಾಗೆ. ಗೇಟಿಗೆ ಹಸಿರು ಬಣ್ಣ ಬಳಿಸಿದ್ದು ಅವಳಿಗೆ ಇಷ್ಟವಿರಲಿಲ್ಲ. ತಿರುಪತಿಗೆ ಹೋಗುವ ಬದಲು ಆ ಸಲ ಸಮುದ್ರ ನೋಡಬೇಕೆಂದಿತ್ತು. ಮೋಟರಿನ ಸರದಿಯಲ್ಲಿ ಒಂಬತ್ತು ವರ್ಷದಿಂದ ಮೋಸವಾಗುತ್ತಿದೆ, ಮೋಸ ಮಾಡುತ್ತಿರುವುದು ಸೃಜನ್. ಟಾರ್ಚ್ ಸ್ವಲ್ಪ ಅಲುಗಿತು, ಆದರೆ ಆರಲಿಲ್ಲ.

"ಮತ್ತ ಪುಂಡಿಪಲ್ಯಕ್ಕ ಬೆಲ್ಲ ಹಾಕಬಾರದು," ಎಂದಳು ಕುಮುದಾ. "ಹಾಕೂದೇ ಬಂದಿಲ್ಲ ನಮ್ಮಲ್ಲೆ. ನಾ ಸುಮ್ನ ಉಂಡೀನಿ. ಪ್ರತಿ ಸಲನೂ ಸುಮ್ನ ಉಂಡೀನಿ."

ಹುಳಿ ಪುಂಡಿಸೊಪ್ಪಿನ ಆ ಪಲ್ಯಕ್ಕೆ ಬೆಲ್ಲ ಹಾಕುವವಳು ವಿಜಯಶ್ರೀ. ಆಕೆಯ ಮುಖ ಮೊದಲು ಅರ್ಥವಾಗದವರಂತೆ ಆಯಿತು, ಆಮೇಲೆ ಅರ್ಥವಾದವರಂತೆ.

ಕುಮುದಾ ಗಂಡನ ಕಡೆ ತಿರುಗಿದಳು. "ಸದನದ ನಾಯಕರು ಭಾಳ ಒಳ್ಳೇವ್ರು. ಯಾರಿಗೂ ಪಕ್ಷಪಾತ ಮಾಡಂಗಿಲ್ಲ. ನನಗೂ ಮಾಡಿಲ್ಲ. ಇಪ್ಪತ್ತೆಂಟು ವರ್ಷದಾಗ ಒಮ್ಮಿನೂ ಮಾಡಿಲ್ಲ."

ಉಪೇಂದ್ರ ಅದು ಹೊಗಳಿಕೆಯೆಂದು ತಲೆಯಾಡಿಸಲು ಶುರುಮಾಡಿ, ನಡುವೆ ನಿಲ್ಲಿಸಿದ.

"ಲಿಂಗಂಪಲ್ಲಿ ಟೇಶನ್ ಮುಂದ ಒಂದು ಸಿಮೆಂಟಿನ ಬೆಂಚ್ ಐತಿ," ಎಂದಳು ಕುಮುದಾ, ಅದೇ ದನಿಯಲ್ಲಿ. "ನಮ್ಮವ್ವ ಮಧ್ಯಾಹ್ನ ಅಲ್ಲಿ ಹೋಗಿ ಕುಂದರತಾಳ. ರೈಲಿಗೆ ಹೋಗಾಕಲ್ಲ. ಕೆಮ್ಮಾಕ."

ಮೂಲೆಯ ಕುರ್ಚಿಯಲ್ಲಿದ್ದ ಹಂಪಮ್ಮ ಮಣಿಸರ ತಿರುಗಿಸುವುದನ್ನು ನಿಲ್ಲಿಸಿ ಸೊಸೆಯನ್ನು ನೋಡಿದಳು.

ಕುಮುದಾ ಇಲ್ಲಿಗೆ ಮುಗಿಸಬೇಕಿತ್ತು. ಕೃಪಾಳ ಜೊತೆ ಮಾತಾದದ್ದು ಅಷ್ಟೇ. ಆದರೆ ಕುರ್ಚಿಯ ಕಡೆ ನೋಡಿದಳು, ಅದರ ಮೇಲೆ ಹೋಗಿ ಮತ್ತೆ ಕೂಡುವ ತನ್ನನ್ನು ನೋಡಿದಳು. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು. ಬೆಂಚಿನ ಮೇಲೆ ಅವ್ವ ಒಂದು ಕಡೆ, ಬೆತ್ತದ ಕುರ್ಚಿಯ ಮೇಲೆ ತಾನು ಒಂದು ಕಡೆ. ಅವ್ವನಾದರೂ ಅಲ್ಲಿ ಕೆಮ್ಮುತ್ತಾಳೆ.

"ನನ್ನ ಇಳಸ್ರಿ," ಎಂದಳು. "ನಾನೂ ಇಳಸ್ರಿ ಅಂತನ ಕೈ ಎತ್ತತೀನಿ."

ಸಭಾಧ್ಯಕ್ಷರನ್ನು ಇಳಿಸಲು ಇದ್ದ ಸದಸ್ಯರೆಲ್ಲರಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕು. ಆರು ಜನರಲ್ಲಿ ನಾಲ್ಕು. ಸೃಜನ್ ಪೀಠದಲ್ಲಿದ್ದುದರಿಂದ ಕೈ ಎತ್ತುವ ಹಾಗಿರಲಿಲ್ಲ. ಕೃಪಾಳ ಕೈ ಮೇಲೆ ಹೋಯಿತು, ಕುಮುದಾಳ ಕೈ ಹೋಯಿತು. ಆಕೆ ಗಂಡನನ್ನು ನೋಡಿದಳು. ಉಪೇಂದ್ರ ತನ್ನ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಅವು ಬೇರೆ ಯಾರವೋ ಎಂಬಂತೆ ನೋಡುತ್ತಿದ್ದ.

ಮೂರನೆಯ ಕೈ ಬಂದದ್ದು ಎದುರಿನ ಸಾಲಿನಿಂದ. ಬಳೆಗಳ ಸದ್ದು ಮೊದಲು, ಆಮೇಲೆ ಕೈ.

"ಬೆಲ್ಲ ಹಾಕಿದ್ದಕ್ಕ ಅವತ್ತ ಎರಡು ಸಲ ಹಾಕಿಸ್ಕೊಂಡ ಉಂಡಿದ್ರಿ, ಅಕ್ಕಾರ," ಎಂದಳು ವಿಜಯಶ್ರೀ. "ಇಂಥಾ ಸುಳ್ಳ ಮಂದಿ ಆ ಕುರ್ಚಿ ಮ್ಯಾಲ ಕುಂದರಬಾರದು."

ಭೀಮಾಶಂಕರ ಹೆಂಡತಿಯ ಕೈ ನೋಡಿದ, ಆಕೆಯ ಮುಖ ನೋಡಿದ, ತನ್ನದನ್ನೂ ಎತ್ತಿದ. ಸೃಜನ್ ಎರಡು ಸಲ ಎಣಿಸಿ, ನಿರ್ಣಯ ಅಂಗೀಕಾರವಾಗಿದೆ ಎಂದ. ತಾನೇನು ಹೇಳಿದೆನೆಂದು ಅವನಿಗೇ ಆಶ್ಚರ್ಯವಾದಂತಿತ್ತು.

ಪೀಠ ಖಾಲಿಯಾದ ಮೇಲೆ ಮೊದಲ ಕೆಲಸ ಹೊಸಬರನ್ನು ಆರಿಸುವುದು. ಯಾರೂ ಏಳಲಿಲ್ಲ. ಕುಮುದಾ ಖಾಲಿಯಾಗುತ್ತಿದ್ದ ಕುರ್ಚಿಯನ್ನು ನೋಡಿದಳು, ಇನ್ನೂ ಸಿಟ್ಟಿನಲ್ಲಿ ಕೆಂಪಗಿದ್ದ ವಿಜಯಶ್ರೀಯನ್ನು ನೋಡಿದಳು. ಎಲ್ಲೋ ಇಟ್ಟು ಮರೆತ ಬೀಗದ ಕೈ ಸೊಂಟದಲ್ಲೇ ಇದೆಯೆಂದು ತಿಳಿದ ಹಾಗೆ, ಅವಳಿಗೆ ತಿಳಿಯಿತು. ಎದ್ದು ನಿಂತಳು.

ವಿಜಯಶ್ರೀಯಷ್ಟು ನೇರ ಮನಸ್ಸಿನವರು ಈ ಮನೆಯಲ್ಲಿ ಇನ್ನೊಬ್ಬರಿಲ್ಲ ಎಂದಳು. ತಪ್ಪು ಕಂಡರೆ ನೆಗೆಣ್ಣಿಯೆಂದೂ ನೋಡುವುದಿಲ್ಲ. ಅದನ್ನು ಸದನ ಈಗಷ್ಟೇ ಕಣ್ಣಾರೆ ಕಂಡಿದೆ. ಹೇಳುತ್ತ ಹೇಳುತ್ತ, ಅದು ನಿಜವೂ ಹೌದೆಂದು ಅವಳಿಗನ್ನಿಸಿತು. ಕೃಪಾ ಅನುಮೋದಿಸಿದಳು. ವಿಜಯಶ್ರೀಯ ಸಿಟ್ಟು ಎಲ್ಲಿ ಹೋಯಿತೋ; ಬೇಡ, ನನಗ್ಯಾಕೆ ಎನ್ನುತ್ತಲೇ ಸೆರಗು ಸರಿಪಡಿಸಿಕೊಂಡಳು. ಆ ಕುರ್ಚಿಯ ಮೇಲೆ ಆಕೆಗೂ ಕಣ್ಣಿತ್ತೆಂದು ಕುಮುದಾಳಿಗೆ ಮೊದಲಿನಿಂದ ಗೊತ್ತಿತ್ತು. ಕುರ್ಚಿಯ ಮೇಲೆ ಕೂತವಳಿಗೆ ಯಾರ ಕಣ್ಣು ಎಲ್ಲಿದೆಯೆಂದು ನೋಡುವುದೊಂದೇ ಕೆಲಸ.

ಬಲಗೈ ಉಪೇಂದ್ರ ಹಿಡಿದ, ಎಡಗೈ ಕುಮುದಾ. ವಿಜಯಶ್ರೀಯ ಅಂಗೈ ಬೆಚ್ಚಗೆ, ಸ್ವಲ್ಪ ಬೆವೆತಿತ್ತು. ಆಕೆ ನಾಚಿಕೊಂಡು ನಡೆದು ಕೂತಳು. ಎಲ್ಲರೂ ಮೇಜು ಕುಟ್ಟಿದರು.

ಕಾರ್ಯಸೂಚಿಯಲ್ಲಿ ಮುಂದಿನದು ಹಿಂದಿನ ಕೋಣೆ. ಉಪೇಂದ್ರ ಮಸೂದೆ ಓದಿದ; ದನಿ ಎಂದಿಗಿಂತ ಸಣ್ಣಗಿತ್ತು. ಕೃಪಾ ತಿದ್ದುಪಡಿ ಮಂಡಿಸಿದಳು: ಮಸೂದೆಯಲ್ಲಿ 'ಪುಸ್ತಕದ ಕಟ್ಟುಗಳು' ಎಂಬ ಪದಗಳು ಬರುವ ಕಡೆಯಲ್ಲೆಲ್ಲ 'ಕುಮುದಾ ಅವರ ತಾಯಿ' ಎಂದು ಓದಿಕೊಳ್ಳತಕ್ಕದ್ದು.

ವಿಜಯಶ್ರೀ ಕುರ್ಚಿಯಲ್ಲಿ ಮುಂದೆ ಬಾಗಿದಳು. "ಅದೆಂಗ ಆಗತೈತಿ? ಮಳಿಗಾಲ ಬಂತಂದ್ರ ನಮ್ಮ ಪುಸ್ತಕ..."

"ಏ ವಿಜಿ," ಎಂದಳು ಹಂಪಮ್ಮ ಮೂಲೆಯಿಂದ. "ನೀ ಮಾತಾಡಂಗಿಲ್ಲವಾ. ನೀ ಈಗ ಸ್ಪೀಕರ್."

ವಿಜಯಶ್ರೀ ಅತ್ತೆಯನ್ನು ನೋಡಿದಳು. ಕೈಯಲ್ಲಿದ್ದ ಟಾರ್ಚನ್ನು ನೋಡಿದಳು. ಆಮೇಲೆ ಕುಮುದಾಳನ್ನು. ಆ ಮುಖವನ್ನು ಕುಮುದಾ ಬಲ್ಲಳು. ಒಂಬತ್ತು ವರ್ಷದ ಹಿಂದೆ, ಹಬ್ಬದ ಅಡುಗೆಯ ಮಸೂದೆ ಬಿದ್ದ ಸಂಜೆ, ಬಚ್ಚಲಿನ ಕನ್ನಡಿಯಲ್ಲಿ ನೋಡಿದ್ದಳು. ಗೆದ್ದದ್ದಕ್ಕೆ ಖುಷಿಯಾಗಬೇಕಿತ್ತು. ಆದದ್ದು ಖುಷಿಯೇ, ಆದರೆ ಅದು ಬೆಲ್ಲ ಹಾಕಿದ ಪುಂಡಿಪಲ್ಯದ ಹಾಗಿತ್ತು.

ತಿದ್ದುಪಡಿಯ ಪರ ಕುಮುದಾ, ಕೃಪಾ, ಪೀಠದಿಂದ ಇಳಿದು ಬಂದ ಸೃಜನ್. ವಿರುದ್ಧ ಯಾರು ಎಂದು ವಿಜಯಶ್ರೀ ಕೇಳಬೇಕಾಯಿತು, ಕೇಳಿದಳು. ಭೀಮಾಶಂಕರ ಕೈ ಎತ್ತಿದ. ಉಪೇಂದ್ರನ ಕೈಯೂ ಮೊಣಕಾಲಿನಿಂದ ಎದ್ದಿತು. ಹೆಗಲಿನವರೆಗೆ ಬಂತು. ಅಲ್ಲಿಂದ ಅದು ಕನ್ನಡಕದ ಕಡೆ ತಿರುಗಿ, ಕನ್ನಡಕವನ್ನು ಸರಿಪಡಿಸಿ, ಎಣಿಕೆ ಮುಗಿಯುವವರೆಗೂ ಅಲ್ಲೇ ಇತ್ತು. ಮೂರಕ್ಕೆ ಒಂದು ಎಂದು ದಾಖಲಾಯಿತು. ಕನ್ನಡಕದ ವಿಷಯ ದಾಖಲಾಗಲಿಲ್ಲ. ಕುಮುದಾ ಅದನ್ನು ತನ್ನಲ್ಲೇ ಇಟ್ಟುಕೊಂಡಳು.

ಅವ್ವ ಜೂನಿನ ಮೊದಲ ವಾರ ಒಂದು ಚೀಲ, ಒಂದು ನೀರಿನ ತಂಬಿಗೆ ತೆಗೆದುಕೊಂಡು ಬಂದಳು. ಪುಸ್ತಕದ ಕಟ್ಟುಗಳು ಮೇಲಿನ ಹಾಲಿಗೆ ಹತ್ತಿದವು. ಬೇರೆ ಜಾಗವಿಲ್ಲದ್ದರಿಂದ ಆಡಳಿತ ಪಕ್ಷ ಆ ತಿಂಗಳು ಏಳನೆಯ ತರಗತಿಯ ಗಣಿತದ ಮೇಲೆ ಕೂತಿತು. ಅವ್ವನನ್ನು ಹಂಪಮ್ಮ ತನ್ನ ಪಕ್ಕಕ್ಕೆ ಕೂಡಿಸಿಕೊಂಡಳು. ಹಬ್ಬದ ಅಡುಗೆಯ ಹಳೆಯ ಮಸೂದೆಯನ್ನು ಕುಮುದಾ ಮತ್ತೆ ಮಂಡಿಸಲು ಎದ್ದಳು, ವಿಜಯಶ್ರೀ ಟಾರ್ಚ್ ಬಿಟ್ಟಳು. ಅಷ್ಟರಲ್ಲಿ ಅವ್ವನಿಗೆ ಕೆಮ್ಮು ಬಂತು. ಅಭ್ಯಾಸಬಲದಿಂದ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೊರಡಲು ನೋಡಿದಳು.

"ಕುಂದರ್ರಿ ಅವ್ವಾರ," ಎಂದಳು ವಿಜಯಶ್ರೀ ಪೀಠದಿಂದ. "ಕೆಮ್ಮರಿ. ಸದನ ಕಾಯತೈತಿ."

ಸದನ ಕಾಯಿತು. ಕೆಮ್ಮು ಉದ್ದವಾಗಿತ್ತು, ಆಕೆ ಪೂರ್ತಿ ಕೆಮ್ಮಿದಳು. ಅಷ್ಟು ಹೊತ್ತೂ ಟಾರ್ಚ್ ಕುಮುದಾಳ ಮುಖದ ಮೇಲೇ ಇತ್ತು, ಅಲುಗಲಿಲ್ಲ.

ಸಭೆ ಮುಗಿದ ಮೇಲೆ ಕುಮುದಾ ಪೀಠದ ಕಡೆಗೆ ಚಹಾ ಒಯ್ದಳು. ವಿಜಯಶ್ರೀ ಇನ್ನೂ ಕುರ್ಚಿಯಲ್ಲೇ ಕೂತು, ಟಾರ್ಚನ್ನು ಸುಮ್ಮನೆ ಹಚ್ಚುತ್ತ ಆರಿಸುತ್ತ ಇದ್ದಳು. ಬಸಿ ಕೊಡುವಾಗ ಕುಮುದಾ ಬಗ್ಗಿ, ಯಾರಿಗೂ ಕೇಳದ ಹಾಗೆ ಹೇಳಿದಳು.

"ಇಳಿಯಾಕ ಒಂದು ದಾರಿ ಐತಿ, ವಿಜಿ. ಮಳಿಗಾಲ ಮುಗೀಲಿ, ಹೇಳ್ತೀನಿ."

ವಿಜಯಶ್ರೀ ಚಹಾ ಆರಿಸಿಕೊಂಡು ಕುಡಿದಳು. ಮಳೆಗಾಲ ಇನ್ನೂ ಶುರುವಾಗಬೇಕಿತ್ತು.